ಎರಡು ಸೊನ್ನೆ

ಶುವೈಖಿನ ಡಕ್ಟ್ ಕಾರ್ಖಾನೆಗೆ
ತಗಡು ಕತ್ತರಿಸುವ ಯಂತ್ರಕ್ಕೆ ಬುದ್ಧಿ ಹೇಳುವ
ಸಾಫ್ಟ್‌ವೇರು ಬಂದ ದಿನ,
ಒಂಬತ್ತು ವರ್ಷದ ಹಿಂದೆ,
ಪರದೆ ಕೇಳಿತ್ತು: ಹಕ್ಕುದಾರರು ಯಾರು?
ಕೆಳಗೆ ಎರಡು ಸೊನ್ನೆ.
ಒಂದರ ಪಕ್ಕ ಸಂಸ್ಥೆ, ಇನ್ನೊಂದರ ಪಕ್ಕ ವ್ಯಕ್ತಿ.

ಸಂಸ್ಥೆ ಎಂದೆ. ಸಂಸ್ಥೆಯ ಕಾಗದ ತೋರಿಸು ಎಂದಿತು.
ಕಾಗದ ನವೀಕರಣಕ್ಕೆಂದು ಹೋಗಿ
ಯಾವುದೋ ಸರಕಾರಿ ಮೇಜಿನ ಮೇಲೆ ಮಲಗಿತ್ತು.
ಅರ್ಬಾಬ್ ಫೋನಿನಲ್ಲೇ ಸಿಡುಕಿದ:
ಯಲ್ಲಾ, ನಿನ್ನ ಹೆಸರು ಹಾಕಿಬಿಡು,
ಟ್ರೈಲರಿನಲ್ಲಿ ತಗಡು ಕಾಯ್ತಾ ಇದೆ.

ಹಾಕಿದೆ. ಲಿಗೋರಿ ಕಸ್ತೆಲಿನೊ.
ಊರು ಶಿರ್ವ ಎನ್ನಲು ಜಾಗವಿರಲಿಲ್ಲ.
ಎರಡನೆಯ ಸೊನ್ನೆಯೊಳಗೊಂದು ಬೊಟ್ಟು ಕೂತಿತು,
ಕೋಳಿಯ ಕಣ್ಣಿನ ಹಾಗೆ.

ಈ ದೇಶದಲ್ಲಿ ನನ್ನ ಹೆಸರಿಗಿದ್ದದ್ದು ಅದೊಂದೇ.
ಇಕಾಮಾ ಕಂಪನಿಯದು.
ಮಲಗುವ ಮಂಚದ ಕಾಲಿಗೂ ಹಳದಿ ಪೇಂಟಿನಲ್ಲಿ ಕಂಪನಿಯ ನಂಬರು.
ಸಿಮ್ಮೂ ಅವರದೇ; ಹಿಲ್ಡಾಳ ಜತೆ ಜಗಳವಾಡಿದರೆ
ಅದೂ ಕಂಪನಿಯ ಬಿಲ್ಲಿಗೆ ಸೇರುತ್ತಿತ್ತು.
ಕಬ್ಬಿಣದ ಕಪಾಟಿನ ಮೇಲಿನ ಖಾನೆಯಲ್ಲಿ ನನ್ನ ಪಾಸ್‌ಪೋರ್ಟು,
ಕೆಳಗಿನದರಲ್ಲಿ ಲೈಸೆನ್ಸಿನ ಡಾಂಗಲ್,
ಎರಡು ಹುಣಿಸೆ ಬೀಜ ಜೋಡಿಸಿದಷ್ಟು.
ಬೆಳಿಗ್ಗೆ ಕೊಡುವರು, ಸಂಜೆ ಕೇಳಿ ಪಡೆಯುವರು.
ಆದರೆ ಸಿಕ್ಕಿಸಿದೊಡನೆ ಪರದೆ ಎನ್ನುತ್ತಿತ್ತು:
ಸ್ವಾಗತ, ಲಿಗೋರಿ ಕಸ್ತೆಲಿನೊ.
ಅಷ್ಟು ಮರ್ಯಾದೆಯಿಂದ ಪೂರ್ತಿ ಹೆಸರು ಕೇಳಿದ್ದು
ಇಗರ್ಜಿಯಲ್ಲಿ ಮದುವೆ ಚೀಟಿ ಓದಿದಾಗ,
ಆಮೇಲೆ ಇಲ್ಲೇ.

ಕೆಲಸವೆಂದರೆ ಇಷ್ಟು: ಒಂದು ಹಾಳೆ ತಗಡು, ಇಪ್ಪತ್ತು ಆಕಾರ,
ಹೇಗೆ ಹೊಂದಿಸಿದರೆ ಚೂರು ಕಮ್ಮಿ ಉಳಿದೀತು.
ಮೊಣಕೈ ಬಾಗಿದ ಕೊಳವೆ, ಕತ್ತು ಕಿರಿದಾದ ಕೊಳವೆ,
ಆಸ್ಪತ್ರೆಗೆ, ಮಾಲಿಗೆ, ಒಮ್ಮೆ ಯಾರದೋ ಗಿಡುಗಗಳ ಕೋಣೆಗೆ.
ತಂಪು ಹೋಗುವ ದಾರಿಯನ್ನೆಲ್ಲ
ಬಿಸಿಯಲ್ಲಿ ಕೂತು ಬಿಡಿಸಿದೆ.

ಈಗ ವೀಸಾ ರದ್ದು.
ಮಂದೂಬ್ ಶಾಬಾನ್ ಅರಬ್ಬಿಯ ಕಾಗದ ತಂದು ಅರ್ಥ ಹೇಳಿದ:
‘ಇಲ್ಲಿ ನನ್ನದೆನ್ನುವುದು ಏನೂ ಇಲ್ಲ’ ಅಂತ ಬರೆದಿದೆ, ಸಹಿ ಹಾಕು.
ಪೆನ್ನೂ ಅವನದೇ.
ಹಾಕಿದೆ. ಆಮೇಲೆ ನೆನಪಾಯಿತು.
ಒಂದಿದೆಯಲ್ಲ, ಶಾಬಾನ್.

ಆ ಸಂಜೆ ಅರ್ಬಾಬ್ ಖುದ್ದು ಬಂದ.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕುರ್ಚಿ ಎಳೆದು ಕೂರಿಸಿದ,
ಪುಟ್ಟ ಗಾಜಿನ ಲೋಟದಲ್ಲಿ ಚಹಾ ಬಂತು.
ಕಂಪನಿಗೆ ಬರೆದುಕೊಡು ಎಂದ.
ಬರೆಯೋಣವೆಂದು ಕರಾರು ತೆರೆದೆವು.
‘ಒಪ್ಪಿದ್ದೇನೆ’ ಎಂದು ಒತ್ತಿದ್ದೇ ಹೊರತು
ಇಬ್ಬರೂ ಓದಿರಲಿಲ್ಲ.
ಮಾರುವಂತಿಲ್ಲ. ಎರವಲು ಕೊಡುವಂತಿಲ್ಲ.
ವ್ಯಕ್ತಿಯಿಂದ ಸಂಸ್ಥೆಗೆ ವರ್ಗಾವಣೆ ಇಲ್ಲ.
ನಗು ಬಂತು ನನಗೆ.
ಹಿಂದೊಮ್ಮೆ ಬೇರೆ ಕಂಪನಿಗೆ ರಿಲೀಸ್ ಕೇಳಿದಾಗ
ವೀಸಾದಲ್ಲಿದ್ದ ಇಂಥದೇ ಸಾಲನ್ನು
ಇದೇ ಅರ್ಬಾಬ್ ಬೆರಳಿಟ್ಟು ತೋರಿಸಿದ್ದ.

ಇನ್ನೂ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ:
ಇದನ್ನು ನಿಮಗೆ ಮಾರಿಲ್ಲ.
ಬಳಸಲು ಬಿಟ್ಟಿದ್ದೇವೆ, ಬೇಡವೆನ್ನುವವರೆಗೆ.
ಅರ್ಬಾಬ್ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ.
ಅಂದರೆ ನಿನ್ನದೂ ಅಲ್ಲ?
ಅಲ್ಲ.
ನನ್ನದೂ ಅಲ್ಲ? ದುಡ್ಡು ಕೊಟ್ಟದ್ದು ನಾನು!
ನಾನು ಸುಮ್ಮನಿದ್ದೆ.
ಅವನ ಮೇಲೂ ಒಬ್ಬ ಕಫೀಲ್ ಇರಬಹುದೆಂದು
ಅವನಿಗೆ ಯಾರೂ ಹೇಳಿರಲಿಲ್ಲ, ಪಾಪ.
ಚಹಾ ಆರಿತು.

ಏನು ಮಾಡಿದೆವು? ಯಾರಿಗೂ ಹೇಳಬೇಡಿ.
ಸಿಗರೇಟು ಪ್ಯಾಕಿನ ಹಿಂದೆ ಪಾಸ್‌ವರ್ಡ್ ಬರೆದುಕೊಟ್ಟೆ.
ಮೇಲಿನ ಖಾನೆಯಿಂದ ಪಾಸ್‌ಪೋರ್ಟು ಹೊರಗೆ ಬಂತು.
ಲೆಕ್ಕ ಚುಕ್ತಾ ಮಾಡುವಾಗ ಮೂವತ್ತು ದಿನಾರು ಹೆಚ್ಚಿತ್ತು,
ಯಾವುದಕ್ಕೆಂದು ಬರೆದಿರಲಿಲ್ಲ.

ನನ್ನ ಕುರ್ಚಿಗೆ ನೇಪಾಳದ ಹುಡುಗ ಬಂದಿದ್ದಾನೆ, ಪದಮ್ ಘರ್ತಿ.
ಮೊದಲ ದಿನ ಡಾಂಗಲ್ ಸಿಕ್ಕಿಸಿದ.
ಸ್ವಾಗತ, ಲಿಗೋರಿ ಕಸ್ತೆಲಿನೊ.
ಅವನು ತಿರುಗಿ ನನ್ನನ್ನು ನೋಡಿದ.
ನಾನು ಹೂಂ ಅಂದೆ.

ನಾಳೆಯಿಂದ
ಅದನ್ನೂ ಅವನೇ ಅನ್ನಬೇಕು.